ಹೊಗೆ ಹಿಡಿದ ಮನೆಯನ್ನು ಶುಚಿಗೊಳಿಸುವ ಕ್ರಮ: ನನ್ನ ಅನುಭವ

ಬೆಂಕಿ ಆರಿದ ಮನೆಯವರು ಫೋನ್ ಮಾಡಿದಾಗ ನಾನು ಮೊದಲು ಹೇಳುವುದು, ನಾವು ಬರುವವರೆಗೆ ಏನನ್ನೂ ಒರೆಸಬೇಡಿ, ಫ್ಯಾನ್ ಹಾಕಬೇಡಿ, ಮೇನ್ ಸ್ವಿಚ್ಚನ್ನು ಆರಿಸಿಯೇ ಇಡಿ ಎಂದು. ಗೋಡೆಯ ಮೇಲೆ ಸಡಿಲವಾಗಿ ಕೂತಿರುವ ಮಸಿ ಒದ್ದೆ ಬಟ್ಟೆ ತಗಲಿದ ಕೂಡಲೇ ಬಣ್ಣದೊಳಕ್ಕೆ ಇಳಿದುಬಿಡುತ್ತದೆ. ಆಮೇಲೆ ಪುಟ್ಟಿಯನ್ನೇ ಕೆರೆದು ತೆಗೆಯಬೇಕಾಗುತ್ತದೆ. ಹೀಗೆ ಆತುರದಲ್ಲಿ ಒರೆಸಿ ಕೆಟ್ಟ ಗೋಡೆಗಳನ್ನು ನಾನು ಬಹಳ ಕಂಡಿದ್ದೇನೆ.

ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ನಾವು ಮಾಡಿದ ಕೆಲಸವನ್ನು ಇಲ್ಲಿ ವಿವರಿಸುತ್ತೇನೆ. ಮಲಗುವ ಕೋಣೆಯ ಎ.ಸಿ.ಯಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಕೆಳಗಿದ್ದ ಫೋಮ್ ಹಾಸಿಗೆಗೆ ಬೆಂಕಿ ತಗಲಿತ್ತು. ಬೆಂಕಿ ಆ ಕೋಣೆಯನ್ನು ದಾಟಿರಲಿಲ್ಲ, ಹೊಗೆ ಮಾತ್ರ ಮನೆಯನ್ನೆಲ್ಲ ತುಂಬಿತ್ತು. ಕಾಗದ, ಕಟ್ಟಿಗೆ ಧಗಧಗನೆ ಉರಿದಾಗ ಬರುವ ಮಸಿ ಒಣ ಪುಡಿಯಾಗಿರುತ್ತದೆ. ಫೋಮ್, ರಬ್ಬರ್, ಪ್ಲಾಸ್ಟಿಕ್‌ಗಳು ನಿಧಾನವಾಗಿ ಹೊಗೆಯಾಡುತ್ತ ಸುಟ್ಟಾಗ ಬರುವುದು ಬೆರಳಿಗೆ ಮೆತ್ತಿಕೊಳ್ಳುವ ಜಿಗುಟು ಮಸಿ. ಬಿಳಿಯ ಟಿಶ್ಯೂ ಕಾಗದವನ್ನು ಗೋಡೆಯ ಮೇಲೆ ಹಗುರವಾಗಿ ಎಳೆದು ನೋಡಿದೆ. ಹಾಲ್‌ನಲ್ಲಿ ಮಸಿ ಕಾಗದಕ್ಕೆ ಎದ್ದು ಬಂತು, ಕೋಣೆಯಲ್ಲಿ ಉದ್ದಕ್ಕೆ ಸವರಿಕೊಂಡಿತು. ಮುಂದಿನ ಇಡೀ ಕೆಲಸ ಈ ಒಂದು ವ್ಯತ್ಯಾಸದ ಮೇಲೆ ನಿಂತಿರುತ್ತದೆ.

ವಿಮೆಯ ಸರ್ವೇಯರ್ ಬಂದು ನೋಡಿ, ಫೋಟೊ ತೆಗೆದುಕೊಂಡ ಮೇಲೆಯೇ ನಾವು ಮಾಸ್ಕ್, ಕೈಗವಸು, ಮೈ ಮುಚ್ಚುವ ಉಡುಪು ತೊಟ್ಟು ಕೆಲಸಕ್ಕೆ ಇಳಿದೆವು. ಚಾವಣಿಯ ಮೂಲೆಗಳಲ್ಲಿ ಕಪ್ಪು ಎಳೆಗಳು ತೂಗಾಡುತ್ತಿದ್ದವು. ಮನೆಯವರು ಅವನ್ನು ಹಳೆಯ ಜೇಡರ ಬಲೆ ಎಂದು ತಿಳಿದಿದ್ದರು. ಅವು ಮಸಿಯ ಕಣಗಳೇ ಒಂದಕ್ಕೊಂದು ಅಂಟಿ ಸರಪಳಿಯಾಗಿ ಇಳಿಬಿದ್ದಿರುವಂಥವು. ಮೊದಲು ಅವನ್ನು, ಆಮೇಲೆ ನೆಲ ಮತ್ತು ಪೀಠೋಪಕರಣಗಳ ಮೇಲಿನ ಸಡಿಲ ಮಸಿಯನ್ನು ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್‌ನಿಂದ ಎಳೆದುಕೊಂಡೆವು. ಈ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುತ್ತದೆ, ಮನೆಯಲ್ಲಿ ಬಳಸುವ ಸಾಮಾನ್ಯ ವ್ಯಾಕ್ಯೂಮ್ ನುಣ್ಣನೆಯ ಮಸಿಯನ್ನು ಹಿಂದಿನಿಂದ ಮತ್ತೆ ಕೋಣೆಗೇ ಊದುತ್ತದೆ.

ಹಾಲ್‌ನ ಗೋಡೆಗಳಿಗೆ ಬಳಸಿದ್ದು ಒಣ ರಬ್ಬರ್ ಸ್ಪಂಜು. ಅದಕ್ಕೆ ನೀರು ಸೋಕಿಸುವಂತಿಲ್ಲ. ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ, ಹಿಂದಿನ ಪಟ್ಟಿಯ ಅಂಚನ್ನು ಸ್ವಲ್ಪ ಒಳಗೊಂಡಂತೆ ಎಳೆಯಬೇಕು, ಉಜ್ಜಬಾರದು. ಸ್ಪಂಜಿನ ಮುಖ ಕಪ್ಪಾದಂತೆ ಮಗ್ಗುಲು ಬದಲಿಸಿ, ಎಲ್ಲ ಮಗ್ಗುಲೂ ತುಂಬಿದಾಗ ಚಾಕುವಿನಿಂದ ಮೇಲ್ಪದರವನ್ನು ಹೆರೆದು ತೆಗೆದರೆ ಒಳಗೆ ಹೊಸ ಮುಖ ಸಿಗುತ್ತದೆ. ಜಿಗುಟು ಮಸಿಗೆ ಸ್ಪಂಜು ಉಪಯೋಗವಿಲ್ಲ. ಅದಕ್ಕೆ ಕ್ಷಾರೀಯ ಮಾರ್ಜಕದ ದ್ರಾವಣವೇ ಬೇಕು. ಆದರೆ ಒದ್ದೆ ಕೆಲಸದಲ್ಲಿ ದಿಕ್ಕು ತಿರುಗುಮುರುಗು. ಕೆಳಗಿನಿಂದ ಮೇಲಕ್ಕೆ ತೊಳೆಯುತ್ತೇವೆ, ಏಕೆಂದರೆ ಕೊಳೆನೀರು ಒಣಗೋಡೆಯ ಮೇಲೆ ಇಳಿದರೆ ಗೆರೆ ಹಿಡಿದು ಉಳಿಯುತ್ತದೆ, ಆಗಲೇ ನೆನೆದ ಗೋಡೆಯ ಮೇಲೆ ಇಳಿದರೆ ಸುಲಭವಾಗಿ ತೊಳೆದುಹೋಗುತ್ತದೆ.

ನಲ್ಲಿ, ಬಾಗಿಲ ಚಿಲಕ, ದೇವರ ಮನೆಯ ಹಿತ್ತಾಳೆ ದೀಪಗಳಿಗೆ ಮಾತ್ರ ಗೋಡೆಗಳು ಮುಗಿಯುವವರೆಗೆ ಕಾಯಬಾರದು. ವೈರಿನ ಹೊದಿಕೆಯಲ್ಲಿರುವ ಪಿ.ವಿ.ಸಿ.ಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಅದು ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಗಾಳಿಯ ತೇವದೊಂದಿಗೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನತೊಡಗುತ್ತದೆ. ಆದ್ದರಿಂದ ಅವನ್ನೆಲ್ಲ ಮೊದಲ ದಿನವೇ ಸೌಮ್ಯ ಮಾರ್ಜಕದಲ್ಲಿ ತೊಳೆದು, ನೀರಿನ ಪಸೆ ಉಳಿಯದಂತೆ ಒರೆಸಿಟ್ಟೆವು. ಟಿ.ವಿ., ಕಂಪ್ಯೂಟರ್‌ಗಳನ್ನು ಚಾಲೂ ಮಾಡಿ ನೋಡಲು ಬಿಡದೆ ತಂತ್ರಜ್ಞರಿಗೆ ಕಳುಹಿಸಿದೆವು.

ಇಷ್ಟಾದರೂ ವಾಸನೆ ಹೋಗಿರಲಿಲ್ಲ. ವಾಸನೆ ಇದೆಯೆಂದರೆ ಮಸಿ ಎಲ್ಲೋ ಉಳಿದಿದೆ ಎಂದೇ ನನ್ನ ಲೆಕ್ಕ. ಅದರ ಮೇಲೆ ಸುಗಂಧ ಸಿಂಪಡಿಸುವುದು ಮನೆಯವರಿಗೆ ಮಾಡುವ ಮೋಸ. ಬಿಸಿ ಹೊಗೆ ತಣ್ಣನೆಯ ಜಾಗಕ್ಕೆ ಹೋಗಿ ಕೂರುತ್ತದೆ. ಹೊರಗೋಡೆಗೆ ಒತ್ತಿ ನಿಲ್ಲಿಸಿದ್ದ ಮುಚ್ಚಿದ ಬೀರುವಿನ ಒಳಗೂ ಅದು ಸೇರಿತ್ತು. ಅಲ್ಲಿದ್ದ ರೇಷ್ಮೆ ಸೀರೆಗಳನ್ನು ಮಡಿಕೆ ಬಿಚ್ಚದೆ ಡ್ರೈಕ್ಲೀನಿಂಗ್‌ಗೆ ಕಳುಹಿಸಿದೆವು. ಪಕ್ಕದ ಕೋಣೆಯ ಸ್ವಿಚ್ ಬೋರ್ಡನ್ನು ಎಲೆಕ್ಟ್ರಿಷಿಯನ್ ಬಿಚ್ಚಿದಾಗ, ಗೋಡೆಯೊಳಗಿನ ಪೈಪಿನ ಮೂಲಕ ಬಂದ ಹೊಗೆ ಪೆಟ್ಟಿಗೆಯ ತುಂಬ ಕರಿ ಹಿಡಿಸಿತ್ತು. ಬೆಂಕಿ ಬಿದ್ದ ಕೋಣೆಯ ಫಾಲ್ಸ್ ಸೀಲಿಂಗನ್ನು ಪೂರ್ತಿ ಇಳಿಸಿ, ಮೇಲಿನ ಕಾಂಕ್ರೀಟನ್ನು ಶುಚಿಗೊಳಿಸಿ, ಅರಗಿನಿಂದ ತಯಾರಿಸಿದ ಪ್ರೈಮರ್ ಬಳಿದೆವು. ಸಾಮಾನ್ಯ ಪ್ರೈಮರ್ ಮೇಲೆ ಬಣ್ಣ ಹೊಡೆದರೆ ಕಲೆಯೂ ವಾಸನೆಯೂ ಅದನ್ನು ಹಾಯ್ದು ಮೇಲೆ ಬರುತ್ತವೆ.

ವಾಸನೆ ಕಳೆಯಲು ಓಜೋನ್ ಅನಿಲ ಬಿಡುವ ಯಂತ್ರ ಇಡಿ ಎಂದು ಮನೆಯವರು ಕೇಳಿದ್ದರು. ಮಸಿ ಇರುವಾಗ ಅದನ್ನು ಇಟ್ಟು ಫಲವಿಲ್ಲ; ಶ್ವಾಸಕೋಶಕ್ಕೂ ರಬ್ಬರಿಗೂ ಹಾನಿ ಮಾಡುವ ಅನಿಲವಾದ್ದರಿಂದ ಜನ, ಸಾಕುಪ್ರಾಣಿ, ಗಿಡ ಯಾವುದೂ ಇಲ್ಲದ ಮನೆಯಲ್ಲಷ್ಟೇ ಅದನ್ನು ಬಳಸಬೇಕು. ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಬಣ್ಣ ಹೊಡೆಯುವ ಮೊದಲು ಕಿಟಕಿಗಳನ್ನೆಲ್ಲ ಮುಚ್ಚಿ, ಗೋಡೆ ಬಿಸಿಯೇರುವ ನಡುಮಧ್ಯಾಹ್ನ ಮನೆಯ ಹಿರಿಯರನ್ನೇ ಒಳಗೆ ಕರೆದು ಪ್ರತಿ ಕೋಣೆಯಲ್ಲೂ ವಾಸನೆ ನೋಡಲು ಹೇಳಿದೆ. ಹೊಗೆಯ ನಡುವೆ ದಿನವೆಲ್ಲ ದುಡಿದ ನಮ್ಮ ಮೂಗನ್ನು ಈ ಪರೀಕ್ಷೆಗೆ ನಂಬುವಂತಿಲ್ಲ. ಅವರು ಬೀರುವಿನ ಹಿಂಬದಿಯ ಪ್ಲೈವುಡ್ ಹಾಳೆಯೊಂದನ್ನು ತೋರಿಸಿದರು. ಅದನ್ನು ಕಳಚಿ ಹೊಸ ಹಾಳೆ ಹಾಕಿಸಿದ ಮೇಲೆ ಪೇಂಟರ್‌ಗಳಿಗೆ ಮನೆ ಬಿಟ್ಟುಕೊಟ್ಟೆವು.