ಕಾರ್ ಕೀ ಕಳೆದಾಗ: ತುಮಕೂರಿನ ಕೀ ಅಂಗಡಿಯಿಂದ ನನ್ನ ಅನುಭವ

"ಅಣ್ಣ, ಕಾರ್ ಕೀ ಕಳ್ದೋಗಿದೆ. ಹೊಸದಕ್ಕೆ ಎಷ್ಟಾಗುತ್ತೆ?"

ಫೋನ್ ಎತ್ತಿದರೆ ಮೊದಲು ಕೇಳುವ ಮಾತು ಇದು. ರೇಟು ಹೇಳುವ ಮೊದಲು ನಾನು ಕೇಳಲೇಬೇಕಾದದ್ದು ಕೆಲವಿದೆ. ಗಾಡಿ ಯಾವುದು, ಯಾವ ವರ್ಷದ್ದು? ಕೀ ತಿರುಗಿಸಿ ಸ್ಟಾರ್ಟ್ ಮಾಡುತ್ತೀರೋ, ಬಟನ್ ಒತ್ತಿಯೋ? ಮನೆಯಲ್ಲಿ ಇನ್ನೊಂದು ಕೀ ಇದೆಯಾ? ಖರ್ಚೆಲ್ಲ ನಿಂತಿರುವುದು ಈ ಕೊನೆಯ ಪ್ರಶ್ನೆಯ ಮೇಲೆ. ಇನ್ನೊಂದು ಕೀ ಇದ್ದರೆ ಅಂಗಡಿಗೇ ಬನ್ನಿ, ಕೂತು ಮಾತಾಡಿಕೊಂಡೇ ಮಾಡಿಸಿಕೊಂಡು ಹೋಗಬಹುದು. ಇಲ್ಲ ಅಂದರೆ ನಾನೇ ಮೆಷಿನ್ ಹೊತ್ತುಕೊಂಡು ಗಾಡಿ ನಿಂತಲ್ಲಿಗೆ ಹೊರಡಬೇಕು. ನಮ್ಮವರು ಇದಕ್ಕೆ "ಆಲ್ ಕೀ ಲಾಸ್ಟ್" ಅನ್ನುತ್ತಾರೆ. ಕೆಲಸವೂ ದೊಡ್ಡದು, ದುಡ್ಡೂ ದೊಡ್ಡದು.

ತುಮಕೂರಿನಲ್ಲಿ ನಾನು ಈ ಕಸುಬು ಶುರು ಮಾಡಿದಾಗ ಬರುತ್ತಿದ್ದದ್ದು ಬೀರು, ಸೂಟ್‌ಕೇಸ್, ಸ್ಕೂಟರ್, ಮನೆ ಬಾಗಿಲಿನ ಬೀಗಗಳು. ಅರ ಮತ್ತು ವೈಸ್ ಇದ್ದರೆ ಸಾಕಿತ್ತು. ನಮ್ಮ ತಂದೆ ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅವರ ಲೆನ್ಸನ್ನು ಈಗಲೂ ನಾನು ಬಳಸುತ್ತೇನೆ. ಬೀಗದೊಳಗಿನ ವೇಫರ್ ಅನ್ನುವ ತೆಳು ತಗಡು ಸವೆದಿದೆಯೋ ಇಲ್ಲವೋ ನೋಡಲು ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆಮೇಲೆ ಚಿಪ್ ಇರುವ ಕಾರುಗಳು ಒಂದೊಂದಾಗಿ ಬರತೊಡಗಿದವು, ಕಸುಬನ್ನು ಮತ್ತೆ ಮೊದಲಿಂದ ಕಲಿಯಬೇಕಾಯಿತು.

ಈಗಿನ ಕೀಯಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಇದು ಗೊತ್ತಿಲ್ಲದೆ ಜನ ಸುಮ್ಮನೆ ದುಡ್ಡು ಕಳೆದುಕೊಳ್ಳುವುದನ್ನು ದಿನಾ ನೋಡುತ್ತೇನೆ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಒಂದು, ಲೋಹದ ಬ್ಲೇಡು. ಬಾಗಿಲು ತೆಗೆಯುವುದು, ಇಗ್ನಿಷನ್ ತಿರುಗಿಸುವುದು ಇದರ ಕೆಲಸ. ಹಳೆಯದರಲ್ಲಿ ಅಂಚಿನ ಮೇಲೆ ಹಲ್ಲು ಕಾಣುತ್ತದೆ. ಹೊಸದರಲ್ಲಿ ಬ್ಲೇಡಿನ ಮೈಮೇಲೆ ಹಾವು ಹರಿದಂತೆ ಒಂದು ಕಾಲುವೆ ಕೊರೆದಿರುತ್ತದೆ, ಅದನ್ನು ಲೇಸರ್ ಕಟ್ ಅನ್ನುತ್ತೇವೆ. ಹೆಸರು ಹಾಗಿದ್ದರೂ ಕೊರೆಯುವುದು ಲೇಸರ್ ಅಲ್ಲ, ತಿರುಗುವ ಮಿಲ್ಲಿಂಗ್ ಕಟ್ಟರ್.

ಎರಡು, ರಿಮೋಟ್. ಲಾಕ್, ಅನ್‌ಲಾಕ್ ಬಟನ್ನಿನ ಬೋರ್ಡು. ನಮ್ಮ ಕಡೆಯ ಹೆಚ್ಚಿನ ಕಾರುಗಳಲ್ಲಿ ಇದು 433 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಕಳಿಸುತ್ತದೆ, ಪ್ರತಿ ಸಲ ಒತ್ತಿದಾಗಲೂ ಕೋಡ್ ಬದಲಾಗುತ್ತದೆ. ಸೆಲ್ ಬೇಕಾಗಿರುವುದು ಇದಕ್ಕೆ.

ಮೂರನೆಯದು ಚಿಪ್. ಇದೇ ಮುಖ್ಯ, ಇದೇ ಜನರ ಕಣ್ಣಿಗೆ ಬೀಳದೇ ಇರುವುದು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಗಾಜಿನ ಕೊಳವೆಯೋ ಕಪ್ಪು ತುಂಡೋ ಆಗಿ ಕೀಯ ತಲೆಯೊಳಗೆ ಕೂತಿರುತ್ತದೆ. ಕೆಲವು ಕೀಗಳಲ್ಲಿ ರಿಮೋಟ್ ಬೋರ್ಡಿನ ಮೇಲೇ ಇರುತ್ತದೆ. ಇದಕ್ಕೆ ಸೆಲ್ ಬೇಡ. ಇಗ್ನಿಷನ್ ಬ್ಯಾರೆಲ್ಲಿನ ಸುತ್ತ ತಾಮ್ರದ ತಂತಿಯ ಸುರುಳಿ ಇದೆ. ಕೀ ತಿರುಗಿಸಿದ ಕೂಡಲೆ ಆ ಸುರುಳಿ 125 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕಂಪಿಸುವ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಚಿಪ್ಪಿಗೆ ಬೇಕಾದ ಕರೆಂಟು ಅದರಿಂದಲೇ ಸಿಗುತ್ತದೆ. ಕಾರು ಒಂದು ಸಂಖ್ಯೆ ಕೊಡುತ್ತದೆ, ಚಿಪ್ ತನ್ನೊಳಗಿನ ಗುಟ್ಟಿನ ಸಂಖ್ಯೆ ಸೇರಿಸಿ ಲೆಕ್ಕ ಹಾಕಿ ಉತ್ತರ ಕೊಡುತ್ತದೆ. ಗುಟ್ಟು ಹೊರಗೆ ಬರುವುದೇ ಇಲ್ಲ. ಉತ್ತರ ತಪ್ಪಾದರೆ ಎಂಜಿನ್ ಹಿಡಿಯುವುದಿಲ್ಲ, ಅಥವಾ ಹಿಡಿದು ಒಂದೆರಡು ಸೆಕೆಂಡಿನಲ್ಲಿ ನಿಂತುಬಿಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತದೆ. ಇಮ್ಮೊಬಿಲೈಸರ್ ಅಂದರೆ ಇದೇ.

ಈ ಚಿಪ್ಪನ್ನು ಎಷ್ಟು ಜನ ಕಸದ ಬುಟ್ಟಿಗೆ ಹಾಕಿಸಿದ್ದಾರೋ. ಕೀಯ ಪ್ಲಾಸ್ಟಿಕ್ ಒಡೆದಿರುತ್ತದೆ, ಎಲ್ಲೋ ರಸ್ತೆ ಬದಿಯಲ್ಲಿ ಹೊಸ ಶೆಲ್ ಹಾಕಿಸುತ್ತಾರೆ. ಬೋರ್ಡು, ಬ್ಲೇಡು ಹೊಸ ಶೆಲ್ಲಿಗೆ ಹೋಗುತ್ತವೆ, ಹಳೆಯ ಶೆಲ್ಲಿನ ಮೂಲೆಯಲ್ಲಿ ಅಂಟಿಕೊಂಡಿದ್ದ ಚಿಪ್ ಅಲ್ಲೇ ಉಳಿಯುತ್ತದೆ. ಬಾಗಿಲು ಚೆನ್ನಾಗಿಯೇ ತೆಗೆಯುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಪೆಟ್ರೋಲ್ ಪಂಪ್ ಹೋಗಿದೆ ಅಂದುಕೊಂಡು ಟೋ ಮಾಡಿಸಿ ಗ್ಯಾರೇಜಿಗೆ ಸೇರಿಸಿದವರಿದ್ದಾರೆ. ಶೆಲ್ ಬದಲಾಯಿಸಿದರೆ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಬನ್ನಿ, ಗಾಡಿ ಸ್ಟಾರ್ಟ್ ಆಗುವವರೆಗೆ ಬಿಸಾಡಬೇಡಿ.

ಆಲ್ ಕೀ ಲಾಸ್ಟ್ ಹೇಗೆ ಮಾಡುತ್ತೇವೆ ಅನ್ನುವುದನ್ನು ದೇವರಾಯನದುರ್ಗದ ಒಂದು ಕೆಲಸದಿಂದ ಹೇಳುತ್ತೇನೆ. ಪಾವಗಡ ಕಡೆಯ ಕುಟುಂಬ, ಯೋಗಾನರಸಿಂಹ ಸ್ವಾಮಿ ದರ್ಶನಕ್ಕೆ ಬಂದವರು. ಬೆಟ್ಟದ ಮೇಲೆ ಫೋಟೊ ತೆಗೆಯುವಾಗ ಕೀಗೊಂಚಲು ಬಂಡೆಯ ಸೀಳಿಗೆ ಬಿದ್ದಿತ್ತು. ಎರಡೂ ಕೀ ಅದೇ ಗೊಂಚಲಲ್ಲಿದ್ದವು. ಗಾಡಿ ಹ್ಯುಂಡೈ ಹ್ಯಾಚ್‌ಬ್ಯಾಕ್, ಕೀ ತಿರುಗಿಸಿ ಸ್ಟಾರ್ಟ್ ಮಾಡುವಂಥದ್ದು. ಹೊತ್ತು ಇಳಿಯುತ್ತಿತ್ತು, ಅಜ್ಜಿಯೊಬ್ಬರು ಮೆಟ್ಟಿಲ ಮೇಲೆ ಕೂತು "ಮಗಾ, ಇವತ್ತು ಮನೆ ಸೇರ್ತೀವೇನಪ್ಪ?" ಅಂತ ಕೇಳಿದರು.

ಮೊದಲ ಕೆಲಸ ಕಾಗದ. ಯಜಮಾನರ ಫೋನಿನಲ್ಲಿ ಡಿಜಿಲಾಕರ್ ತೆರೆಸಿ ಆರ್‌ಸಿ ನೋಡಿದೆ, ಲೈಸೆನ್ಸಿನ ಹೆಸರಿಗೆ ಹೊಂದಿಸಿದೆ. ಬಾಗಿಲು ತೆಗೆದ ಮೇಲೆ ಗಾಡಿಯ ಮೇಲಿನ 17 ಅಕ್ಷರದ ಚಾಸಿ ನಂಬರನ್ನೂ ತಾಳೆ ನೋಡುತ್ತೇನೆ. ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ, ಎಷ್ಟೇ ಬೇಡಿಕೊಂಡರೂ. ಫೋನಿನಲ್ಲಿ "ಫ್ರೆಂಡ್ ಗಾಡಿ, ಅವನು ದುಬೈಲಿದ್ದಾನೆ" ಅನ್ನುವವರಿಗೂ ಇದೇ ಉತ್ತರ. ಎಲ್ಲಾ ವಿವರ ರಿಜಿಸ್ಟರ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. ಕಾರು ತೆಗೆಯುವ ವಿದ್ಯೆ ಕೈಯಲ್ಲಿದ್ದವನಿಗೆ ಈ ಪುಸ್ತಕವೇ ಮರ್ಯಾದೆ.

ಆಮೇಲೆ ಬ್ಲೇಡು. ಬಾಗಿಲಿನ ಬೀಗಕ್ಕೆ ಲಿಶಿ ಟೂಲ್ ಹಾಕಿದೆ, ಬೀಗ ತೆಗೆದು ಅದರ ಅಳತೆ ಓದುವ ಸಾಧನ ಅದು. ಕಾರಿನ ಬೀಗದೊಳಗೆ ತೆಳುವಾದ ತಗಡಿನ ವೇಫರ್‌ಗಳು ಸಾಲಾಗಿರುತ್ತವೆ, ಒಂದೊಂದಕ್ಕೂ ಒಂದೊಂದು ಎತ್ತರ. ಟೂಲಿನ ತುದಿಯಲ್ಲಿ ಒಂದೊಂದನ್ನೇ ಮೆಲ್ಲಗೆ ಒತ್ತಿ, ಯಾವುದು ಎಲ್ಲಿ ಕೂತಿತು ಅಂತ ಬೆರಳಿನಲ್ಲೇ ತಿಳಿಯಬೇಕು. ಬಾಗಿಲು ತೆರೆದುಕೊಂಡ ಮೇಲೆ ಟೂಲಿನ ಮೇಲಿನ ಗೀಟುಗಳಿಂದ ಪ್ರತಿ ವೇಫರ್ ಅಳತೆ ಓದಿ ಬರೆದುಕೊಳ್ಳುತ್ತೇವೆ. ಗಡಿಬಿಡಿ ಮಾಡುವ ಕೆಲಸವಲ್ಲ ಇದು. ಬಾಗಿಲು ತೆಗೆದ ಕೂಡಲೆ ಅಲಾರಂ ಹೊಡೆದುಕೊಂಡಿತು. ರಿಮೋಟ್ ಇಲ್ಲದೆ ತೆಗೆದರೆ ಹಾಗಾಗುವುದು ಸಹಜ, ಗಾಬರಿ ಬೇಡ. ಬರೆದುಕೊಂಡ ಅಳತೆಯನ್ನು ಬ್ಯಾಟರಿಯಲ್ಲಿ ಓಡುವ ಕಟ್ಟಿಂಗ್ ಮೆಷಿನ್ನಿಗೆ ಕೊಟ್ಟು ಅಲ್ಲೇ ಎರಡು ಬ್ಲೇಡು ಕೊರೆದೆ. ಇಗ್ನಿಷನ್ ತಿರುಗಿತು, ಎಂಜಿನ್ ಹಿಡಿಯಲಿಲ್ಲ. ಹೊಸ ಚಿಪ್ಪಿನ ಗುರುತು ಕಾರಿಗೆ ಇನ್ನೂ ಇಲ್ಲವಲ್ಲ.

ಗಾಡಿಯ ಕಂಪ್ಯೂಟರಿನ ಜೊತೆ ಮಾತಾಡಲು ಸ್ಟೀರಿಂಗ್ ಕೆಳಗಿರುವ 16 ಪಿನ್ನಿನ ಒಬಿಡಿ ಸಾಕೆಟ್ಟಿಗೆ, ಕೀ ನೋಂದಾಯಿಸುವ ಮೆಷಿನ್ ಅಂದರೆ ಪ್ರೋಗ್ರಾಮರ್ ಸಿಕ್ಕಿಸಿದೆ. ಈ ಕಂಪನಿಯ ಗಾಡಿಗಳಲ್ಲಿ ಹೊಸ ಕೀ ಸೇರಿಸಲು ಆರು ಅಂಕಿಯ ಪಿನ್ ಬೇಕು. ಆ ಪಿನ್ ಒಂದೊಂದು ಗಾಡಿಗೂ ಬೇರೆ. ಸುಮ್ಮನೆ ಊಹಿಸಿ ಹೊಡೆದರೆ ಗಾಡಿ ಸ್ವಲ್ಪ ಹೊತ್ತು ಲಾಕ್ ಆಗಿಬಿಡುತ್ತದೆ, ಆದ್ದರಿಂದ ಸರಿಯಾದ ಪಿನ್ ಸಿಗುವವರೆಗೆ ಮುಟ್ಟುವುದಿಲ್ಲ. ಇದೆಲ್ಲ ಮಾಡುವಾಗ ಬ್ಯಾಟರಿಗೆ ಸಪೋರ್ಟ್ ಕೊಟ್ಟಿರಲೇಬೇಕು. ನಡುವೆ ವೋಲ್ಟೇಜ್ ಬಿದ್ದರೆ ಮಾಡ್ಯೂಲಿನ ಡೇಟಾ ಕೆಡುತ್ತದೆ, ಸಾವಿರದ ಕೆಲಸ ಹತ್ತಾರು ಸಾವಿರಕ್ಕೆ ಹೋಗುತ್ತದೆ. ಪಿನ್ ಕೊಟ್ಟು, ಎರಡು ಕೀಯನ್ನೂ ಒಂದರ ಹಿಂದೆ ಒಂದು ತೋರಿಸಿ ನೋಂದಾಯಿಸಿದೆ. ಆಮೇಲೆ ರಿಮೋಟ್. ಗಾಡಿ ಸ್ಟಾರ್ಟ್ ಆದಾಗ ಅಜ್ಜಿ ಕೈ ಮುಗಿದದ್ದು ಬೆಟ್ಟದ ಕಡೆಗೆ.

ಯಜಮಾನರಿಗೆ ಒಂದೇ ಚಿಂತೆ: ಬಂಡೆ ಸೀಳಿನ ಕೀ ಯಾರಿಗಾದರೂ ಸಿಕ್ಕರೆ? ಹೊಸದಾಗಿ ನೋಂದಾಯಿಸುವಾಗ ಹಳೆಯ ಚಿಪ್ಪುಗಳು ಆ ಗಾಡಿಯ ನೆನಪಿನಿಂದ ಅಳಿಸಿಹೋಗಿವೆ, ಅದರಿಂದ ಎಂಜಿನ್ ಸ್ಟಾರ್ಟ್ ಮಾಡಲು ಆಗುವುದಿಲ್ಲ. ಆದರೆ ಲೋಹ ಅದೇ ಲೋಹ, ಬಾಗಿಲು ತೆರೆದೇ ತೆರೆಯುತ್ತದೆ. ಹೊಸ ಕೀ ಮಾಡಿಸಿದವರಿಗೆಲ್ಲ ನಾನು ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಎರಡೂ ಒಂದೇ ಅಂದುಕೊಂಡು ನಿಶ್ಚಿಂತೆಯಿಂದ ಲ್ಯಾಪ್‌ಟಾಪ್, ಒಡವೆ ಒಳಗಿಟ್ಟು ಹೋಗುತ್ತಾರೆ.

ಒಂದು ಕೀ ಕೈಯಲ್ಲಿರುವಾಗ ಇಷ್ಟೆಲ್ಲ ಬೇಡ. ಬ್ಲೇಡನ್ನು ನೋಡಿ ಕೊರೆಯಬಹುದು. ಚಿಪ್ಪಿಗೆ ಎರಡು ದಾರಿ: ಗಾಡಿಗೆ ಹೊಸ ಚಿಪ್ ಸೇರಿಸುವುದು, ಇಲ್ಲವೇ ಇರುವ ಚಿಪ್ಪಿನ ನಕಲು ತೆಗೆಯುವುದು, ಅಂದರೆ ಕ್ಲೋನ್. ಕ್ಲೋನ್ ಅಗ್ಗ, ಬೇಗ ಆಗುತ್ತದೆ. ಆದರೆ ಅಸಲು, ನಕಲು ಎರಡೂ ಕಾರಿಗೆ ಅವಳಿ ಮಕ್ಕಳ ಹಾಗೆ, ಬೇರೆ ಬೇರೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಮುಂದೆ ಒಂದು ಕಳೆದರೆ ಅದೊಂದನ್ನೇ ಅಳಿಸಲು ಆಗುವುದಿಲ್ಲ. ಆದ್ದರಿಂದ ಗಾಡಿ ಒಪ್ಪಿದರೆ ನಾನು ನೋಂದಾಯಿಸುವ ದಾರಿಯನ್ನೇ ಹೇಳುತ್ತೇನೆ.

ಬಟನ್ ಸ್ಟಾರ್ಟ್ ಗಾಡಿಗಳ ವಿಷಯ ಬೇರೆ. ಬಾಗಿಲ ಹಿಡಿ ಮುಟ್ಟಿದಾಗ ಕಾರಿನ ಆಂಟೆನಾಗಳು ಕಡಿಮೆ ಕಂಪನಾಂಕದಲ್ಲಿ ಕರೆ ಕೊಡುತ್ತವೆ, ಜೇಬಿನಲ್ಲಿರುವ ಕೀ ರೇಡಿಯೊ ಮೂಲಕ ಉತ್ತರಿಸುತ್ತದೆ. ಸ್ಮಾರ್ಟ್ ಕೀ ಅನ್ನುವುದು ಇದನ್ನೇ. ಅದಕ್ಕೆ ಸೆಲ್ ಬೇಕು, ಸಾಮಾನ್ಯವಾಗಿ ನಾಣ್ಯದ ಆಕಾರದ ಸಿಆರ್ 2032. ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಎಪಿಎಂಸಿ ಎದುರಿನಿಂದ ಫೋನ್ ಮಾಡಿ, ಕೀ ಸತ್ತುಹೋಗಿದೆ, ಹೊಸದು ಮಾಡಲು ಕೂಡಲೆ ಬನ್ನಿ ಅಂದರು. ಕೀಯ ಪಕ್ಕದ ಗುಂಡಿ ಒತ್ತಿ ಒಳಗಿನ ಸಣ್ಣ ಬ್ಲೇಡನ್ನು ಎಳೆದು ಬಾಗಿಲು ತೆಗೆಯಿರಿ, ಅಲಾರಂ ಹೊಡೆದರೂ ಹೆದರಬೇಡಿ, ಬ್ರೇಕ್ ಒತ್ತಿ ಕೀಯ ಮೂತಿಯಿಂದಲೇ ಸ್ಟಾರ್ಟ್ ಬಟನ್ ಒತ್ತಿ ಅಂತ ಹೇಳಿದೆ. ಗಾಡಿ ಸ್ಟಾರ್ಟ್ ಆಯಿತು. ಸೆಲ್ ಸತ್ತಾಗಲೆಂದೇ ಸ್ಮಾರ್ಟ್ ಕೀಯೊಳಗೂ ಸೆಲ್ ಬೇಡದ ಚಿಪ್ ಇಟ್ಟಿರುತ್ತಾರೆ. ಕೆಲವು ಗಾಡಿಗಳಲ್ಲಿ ಬಟನ್ ಹತ್ತಿರವಲ್ಲದೆ ಬೇರೆ ಕಡೆ ಗೂಡು ಕೊಟ್ಟಿರುತ್ತಾರೆ, ನಿಮ್ಮದರಲ್ಲಿ ಎಲ್ಲಿದೆ ಅಂತ ಮ್ಯಾನ್ಯುವಲ್ ತೆಗೆದು ಇವತ್ತೇ ನೋಡಿಟ್ಟುಕೊಳ್ಳಿ.

"ಒಂದು ಕೀಗೆ ಇಷ್ಟೊಂದಾ?" ಅಂತ ಕೇಳುವುದು ನ್ಯಾಯವೇ. ಬರೀ ಲೋಹದ್ದಾದರೆ ನೂರರ ಲೆಕ್ಕ, ಚಿಪ್ ಬಂದರೆ ಸಾವಿರದ ಲೆಕ್ಕ, ಸ್ಮಾರ್ಟ್ ಕೀ ಕೆಲವು ಗಾಡಿಗಳಲ್ಲಿ ಹತ್ತು ಸಾವಿರ ದಾಟುತ್ತದೆ. ಕಳ್ಳತನ ತಡೆಯಲು ಲೆಕ್ಕ ಗಟ್ಟಿಯಾದಷ್ಟೂ ಕೀ ಮಾಡುವ ಕೆಲಸವೂ ಕಷ್ಟವಾಗುತ್ತಾ ಬಂದಿದೆ. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಲ್ಯಾಬ್‌ನ ಸಂಶೋಧಕರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 40 ಬಿಟ್ ಚಿಪ್ಪಿನ ಗುಟ್ಟು ಒಡೆದು ತೋರಿಸಿದರು. 2012ರಲ್ಲಿ ಯುರೋಪಿನ ಸಂಶೋಧಕರು ನಾವು ಐಡಿ 46 ಅನ್ನುವ ಹಿಟ್ಯಾಗ್-2 ಚಿಪ್ಪನ್ನು ಆರೇ ನಿಮಿಷದಲ್ಲಿ ಭೇದಿಸಬಹುದೆಂದು ತೋರಿಸಿದರು. ಕಂಪನಿಗಳು 128 ಬಿಟ್ ಎಇಎಸ್ ಅನ್ನುವ ಇನ್ನೂ ಗಟ್ಟಿಯಾದ ಲೆಕ್ಕದ ಕಡೆಗೆ ಹೋದವು. ಅಂಥವಕ್ಕೆ ಒಳ್ಳೆಯ ಬ್ಲ್ಯಾಂಕ್ ಕೀ, ಅದಕ್ಕೆ ಹೊಂದುವ ಮೆಷಿನ್, ಅದರ ವಾರ್ಷಿಕ ಅಪ್‌ಡೇಟ್ ಎಲ್ಲಕ್ಕೂ ದುಡ್ಡು ಬೇಕು.

ಸ್ಮಾರ್ಟ್ ಕೀಗೆ ಇನ್ನೊಂದು ತೊಂದರೆ. ಮನೆಯೊಳಗಿನ ಕೀಯ ಸಿಗ್ನಲ್ಲನ್ನು ಹೊರಗಿನ ಕಾರಿಗೆ ದಾಟಿಸಿ ಗಾಡಿ ತೆಗೆಯಬಹುದೆಂದು 2011ರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನವರು ಹತ್ತು ಕಾರುಗಳ ಮೇಲೆ ಪರೀಕ್ಷಿಸಿ ತೋರಿಸಿದ್ದಾರೆ. ಅಂಥ ಕೇಸು ನನ್ನ ಅಂಗಡಿಗೆ ಬಂದಿಲ್ಲ. ಆದರೂ ರಾತ್ರಿ ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕುವ ಬದಲು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡಿ, ಖರ್ಚೇನೂ ಇಲ್ಲ. ಬೆಳಿಗ್ಗೆ ಡಬ್ಬಿ ಕಾರಿನ ಹತ್ತಿರ ಒಯ್ದು, ಮುಚ್ಚಳ ತೆಗೆಯದೆ ಬಾಗಿಲ ಹಿಡಿ ಮುಟ್ಟಿ ನೋಡಿದರೆ ಅದು ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಕೀ ಬಗ್ಗೆ ಕೇಳುವುದೇ ಇಲ್ಲ. ಗಾಡಿ ಕಳುವಾದರೆ ಇನ್ಶೂರೆನ್ಸಿನವರು ಎರಡೂ ಕೀ ಕೇಳುತ್ತಾರೆ, ಒಂದೇ ಇದ್ದರೆ ಕ್ಲೇಮಿಗೆ ತಕರಾರು ಶುರುವಾಗುತ್ತದೆ. ಕೀ ಕಳೆದಾಗಲೇ ಪೊಲೀಸರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದಿಟ್ಟುಕೊಂಡರೆ, ಹೊಸ ಕೀ ಮಾಡಿಸಿದ ಬಿಲ್ ಇದ್ದರೆ, ಆಗ ಹೇಳಲು ಒಂದು ದಾಖಲೆ ಇರುತ್ತದೆ.

ಮೊನ್ನೆ ಶಿರಾ ಗೇಟ್ ಕಡೆಯ ಹುಡುಗನೊಬ್ಬ ಹೊಸದಾಗಿ ಕೊಂಡ ಹಳೆಯ ಕಾರು ತಂದಿದ್ದ. ಕೊಟ್ಟವರು ಒಂದೇ ಕೀ ಕೊಟ್ಟಿದ್ದರು, ಇನ್ನೊಂದು ಮಾಡಿಸಬೇಕಿತ್ತು. ಪ್ರೋಗ್ರಾಮರ್ ಹಾಕಿ ನೋಡಿದರೆ ಗಾಡಿಯಲ್ಲಿ ಮೂರು ಕೀ ನೋಂದಣಿಯಾಗಿದ್ದವು. ಪರದೆಯನ್ನೇ ಅವನ ಕಡೆ ತಿರುಗಿಸಿ ತೋರಿಸಿದೆ. "ಉಳಿದೆರಡು ಎಲ್ಲಿವೆ ಅಣ್ಣ?" ಅಂದ. ಅದನ್ನು ಮಾರಿದವರೇ ಹೇಳಬೇಕು. ಅವನು ಅಲ್ಲಿಂದಲೇ ಫೋನ್ ಮಾಡಿದ, ಎತ್ತಲಿಲ್ಲ. ಮೂರನ್ನೂ ಅಳಿಸಿ, ಅವನ ಕೈಯಲ್ಲಿದ್ದದ್ದನ್ನೂ ಹೊಸದನ್ನೂ ಸೇರಿಸಿ ಎರಡೇ ನೋಂದಾಯಿಸಿದೆ. ಬಾಗಿಲಿನ ಬೀಗ ಹಳೆಯ ಕೀಗೂ ತೆರೆಯುತ್ತದಲ್ಲ ಅಂತ ಅವನೇ ಕೇಳಿದ. ಬಾಗಿಲು, ಡಿಕ್ಕಿ, ಇಗ್ನಿಷನ್ ಮೂರರ ಬ್ಯಾರೆಲ್ಲೂ ಬಿಚ್ಚಿ, ವೇಫರ್‌ಗಳ ಜಾಗ ಅದಲುಬದಲು ಮಾಡಿ, ಆ ಹೊಸ ಅಳತೆಗೆ ಎರಡು ಬ್ಲೇಡು ಕೊರೆದು ಹಳೆಯ ಬ್ಲೇಡಿನ ಜಾಗಕ್ಕೆ ಕೂರಿಸಿದೆ. ಸಂಜೆಯಾಗುವುದರೊಳಗೆ ಗಾಡಿ ತೆಗೆದುಕೊಂಡು ಹೋದ.