ಬೂತಾಯಿ ಅಳೆಯುತ್ತಾ ಬೆಳೆದ ಸಂಶೋಧನೆ: ನನ್ನ ಅನುಭವ

ಪಿಎಚ್‌ಡಿಗೆ ಸೇರುವ ಹುಡುಗರು ಬಂದ ಕೂಡಲೇ ಕೇಳುವುದು ಒಂದೇ. "ಎಷ್ಟು ಪೇಪರ್ ಬೇಕು ಮೇಡಂ? ಯಾವ ಜರ್ನಲ್‌ಗೆ ಕಳಿಸೋದು?" ಕೇಳುವುದು ಸಹಜ. ಕೆಲಸ, ಬಡ್ತಿ, ಪ್ರಾಜೆಕ್ಟಿನ ದುಡ್ಡು ಎಲ್ಲಾ ಆ ಲೆಕ್ಕದ ಮೇಲೇ ನಿಂತಿದೆ. ನನ್ನ ಪೇಪರುಗಳಿಗೆ ಬಲ ಬಂದದ್ದು ಮಾತ್ರ ಒಂದೇ ದಕ್ಕೆಯಲ್ಲಿ (ಬೋಟುಗಳು ಮೀನು ಇಳಿಸುವ ಕಟ್ಟೆ) ಒಂದೇ ಮೀನನ್ನು ವರ್ಷಗಟ್ಟಲೆ ಅಳೆದದ್ದರಿಂದ.

ನಾನು ಓದಿದ್ದು ಮಂಗಳೂರಿನ ಎಕ್ಕೂರಿನಲ್ಲಿರುವ ಮೀನುಗಾರಿಕಾ ಕಾಲೇಜಿನಲ್ಲಿ, 1969ರಲ್ಲಿ ಶುರುವಾದ ಕಾಲೇಜು ಅದು. ಆರಿಸಿಕೊಂಡ ಮೀನು ಬೂತಾಯಿ, ಇಂಗ್ಲಿಷಿನಲ್ಲಿ ಆಯಿಲ್ ಸಾರ್ಡೀನ್. ಅದರ ಮೇಲೆ ಕೆಲಸ ಎಲ್ಲಾ ಮುಗಿದಿದೆ ಎಂದವರಿದ್ದರು. ಮೀನುಗಾರಿಕೆ ತಜ್ಞ ಜೇಮ್ಸ್ ಹಾರ್ನೆಲ್ 1920ರ ದಶಕದಲ್ಲೇ ಬೂತಾಯಿಗೂ ಅದು ತಿನ್ನುವ ಡಯಾಟಮ್‌ ಎಂಬ ಸೂಕ್ಷ್ಮ ಪಾಚಿಗಳಿಗೂ ಇರುವ ನಂಟನ್ನು ಬರೆದಿದ್ದರು, ನಿಜ. ಆದರೆ ಬೂತಾಯಿ ಒಂದು ವರ್ಷ ರಾಶಿ ಬೀಳುತ್ತದೆ, ಇನ್ನೊಂದು ವರ್ಷ ನಾಪತ್ತೆ. ಕೇರಳದಲ್ಲಿ 2012ರಲ್ಲಿ ದಾಖಲೆ ಮಟ್ಟದಲ್ಲಿ ಸಿಕ್ಕಿ, ಆಮೇಲಿನ ವರ್ಷಗಳಲ್ಲಿ ಕುಸಿಯಿತು. ಇಂಥ ಮೀನು ಎರಡು ವರ್ಷದ ಡೇಟಾಗೆ ಸಿಗುವಂಥದ್ದಲ್ಲ.

ಕೆಲಸದ ಕ್ರಮ ಸರಳ, ಬಿಡದೆ ಮಾಡುವುದೇ ಕಷ್ಟ. ವಾರಕ್ಕೊಮ್ಮೆ ಬೆಳಗ್ಗೆ ಬಂದರು ದಕ್ಕೆಗೆ ಹೋಗಬೇಕು, ಅದೂ ಹರಾಜಿಗೆ ಮುಂಚೆ. ವ್ಯಾಪಾರಿಗಳು ವಿಂಗಡಿಸಿದ ಮೇಲೆ ಮೀನು ತಗೊಂಡರೆ ಕೈಗೆ ದೊಡ್ಡದೇ ಜಾಸ್ತಿ ಬರುತ್ತದೆ, ಆಗ ಇಡೀ ಲೆಕ್ಕ ಓರೆಯಾಗುತ್ತದೆ. ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ದೊಡ್ಡ ಬಲೆಯ ಪರ್ಸೀನ್ ಬೋಟಿನಿಂದ ಇಳಿದ ಬುಟ್ಟಿಯಿಂದ ಆರಿಸದೆ ತೆಗೆದು, ಮೂತಿಯಿಂದ ಬಾಲದ ತುದಿವರೆಗೆ ಮಿಲಿಮೀಟರ್‌ನಲ್ಲಿ ಅಳೆದು, ತೂಗಿ, ಹೊಟ್ಟೆ ಸೀಳಿ ನೋಡುತ್ತೇನೆ. ಬಲಿತ ಹೆಣ್ಣಿನ ಅಂಡಾಶಯ ಹೊಟ್ಟೆ ತುಂಬಾ ಹರಡಿರುತ್ತದೆ, ಮೊಟ್ಟೆಕಾಳು ಬರಿಗಣ್ಣಿಗೇ ಕಾಣುತ್ತದೆ. ಮೊಟ್ಟೆ ಹಾಕಿದ ಮೇಲೆ ಅದೇ ಚೀಲ ಜೋಲುಬಿದ್ದು ಕೆಂಪಗಾಗಿರುತ್ತದೆ. ಯಾವ ತಿಂಗಳು ಯಾವ ಹಂತದ್ದು ಎಷ್ಟಿತ್ತು ಎಂಬ ಲೆಕ್ಕದಿಂದಲೇ ಮೀನು ಯಾವಾಗ ಮೊಟ್ಟೆ ಇಡುತ್ತದೆ, ಎಷ್ಟುದ್ದಕ್ಕೆ ಬಲಿಯುತ್ತದೆ ಎಂದು ಗೊತ್ತಾಗುವುದು.

ತೊಂದರೆ ಬಂದದ್ದು ಮಳೆಗಾಲದಲ್ಲಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ರಜೆ. ಬೂತಾಯಿ ಹೆಚ್ಚಾಗಿ ಮೊಟ್ಟೆ ಇಡುವುದು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಅಂದರೆ ಬಹಳ ಮುಖ್ಯವಾದ ತಿಂಗಳಲ್ಲೇ ದಕ್ಕೆ ಖಾಲಿ! ಎಷ್ಟೋ ಪೇಪರುಗಳಲ್ಲಿ ಆ ಎರಡು ತಿಂಗಳ ಜಾಗ ಸುಮ್ನೆ ಖಾಲಿ ಬಿಟ್ಟಿರುತ್ತಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಈ ರಜೆ ಇಲ್ಲದ ನಾಡದೋಣಿಯವರ ಹತ್ತಿರ ಹೋದೆ. ಅವರು ತೂಫಾನ್ ಎದ್ದು ಕಡಲು ತಣಿಯುವುದನ್ನೇ ಕಾಯುತ್ತಿರುತ್ತಾರೆ, ತಣಿದ ಕೂಡಲೇ ಬಲೆ ಇಳಿಸುತ್ತಾರೆ. ಫೋನ್ ಬಂದ ಗಳಿಗೆ ಓಡಬೇಕು, ವಾರದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬಲೆಯೇ ಬೇರೆ ಆದ್ದರಿಂದ ಆ ಮೀನಿನ ಡೇಟಾವನ್ನು ಪರ್ಸೀನ್‌ನದ್ದರ ಜೊತೆ ಬೆರೆಸದೆ ಬೇರೆಯೇ ಇಟ್ಟೆ. ನನ್ನ ಕೆಲಸದಲ್ಲಿ ನನಗೆ ಬಹಳ ಹೆಮ್ಮೆ ಇರುವುದು ಈ ಭಾಗದ ಬಗ್ಗೆಯೇ.

ಒಂದು ಜರ್ನಲ್ ಇದನ್ನು "ಸ್ಥಳೀಯ ಆಸಕ್ತಿಯದ್ದು" ಎಂದು ಹಿಂದಕ್ಕೆ ಕಳಿಸಿತು. ಬೇಸರವಾಯಿತು. ಡೇಟಾ ಮುಟ್ಟಲಿಲ್ಲ, ಪ್ರಶ್ನೆಯನ್ನು ದೊಡ್ಡದು ಮಾಡಿದೆ. ಮಂಗಳೂರಿನ ಬೂತಾಯಿ ಬಲಿಯುವ ಉದ್ದವನ್ನು ಬೇರೆ ಕರಾವಳಿಗಳಲ್ಲಿ ವರದಿಯಾದದ್ದರ ಪಕ್ಕ ಇಟ್ಟೆ. ಆಗ ಬೇರೆ ಕಡೆ ಪ್ರಕಟವಾಯಿತು.

ಇನ್ನು ಸೈಟೇಶನ್, ಅಂದರೆ ನಮ್ಮ ಪೇಪರನ್ನು ಬೇರೆಯವರು ಉಲ್ಲೇಖಿಸುವ ವಿಷಯ. 2005ರಲ್ಲಿ ಜಾರ್ಜ್ ಹಿರ್ಶ್ ಎಂಬ ಭೌತವಿಜ್ಞಾನಿ ಹೇಳಿದ, ಸಂಶೋಧಕರನ್ನು ಅಳೆಯುವ ಎಚ್-ಇಂಡೆಕ್ಸ್ ಲೆಕ್ಕ ಹೀಗಿದೆ: ಕನಿಷ್ಠ ಹತ್ತು ಸಲ ಉಲ್ಲೇಖವಾದ ಹತ್ತು ಪೇಪರ್ ಇದ್ದರೆ ಹತ್ತು. ನನ್ನ ಪೇಪರುಗಳಲ್ಲಿ ಹೆಚ್ಚು ಉಲ್ಲೇಖವಾದದ್ದು ಉದ್ದ-ತೂಕದ ಸಂಬಂಧ ಕುರಿತ ಚಿಕ್ಕ ಪೇಪರ್. ಕಾರಣ ಇದೆ. ಉದ್ದ ಗೊತ್ತಿದ್ದರೆ ತೂಕ ಅಂದಾಜು ಮಾಡುವ ಆ ಎರಡು ಅಂಕಿಗಳು ಸ್ಟಾಕ್ ಅಸೆಸ್‌ಮೆಂಟ್ (ಕಡಲಲ್ಲಿ ಮೀನು ಎಷ್ಟಿದೆ ಎಂಬ ಅಂದಾಜು) ಮಾಡುವ ಎಲ್ಲರಿಗೂ ಬೇಕು, ಫಿಶ್‌ಬೇಸ್‌ನಂಥ ಮೀನುಗಳ ಡೇಟಾಬೇಸ್‌ಗೂ ಬೇಕು. ಇಡೀ ಡೇಟಾ ಫೈಲನ್ನು ಪೇಪರಿನ ಜೊತೆಗೇ ಎಲ್ಲರಿಗೂ ತೆರೆದಿಟ್ಟದ್ದೂ ಸಹಾಯ ಮಾಡಿತು. ಯಾವ ಬಲೆ, ಬಲೆಯ ಕಣ್ಣಿನ ಅಳತೆ ಎಷ್ಟು, ಅಳೆದವರು ಯಾರು, ಎಲ್ಲಾ ಅದರಲ್ಲಿದೆ. ನನ್ನ ಜೊತೆ ದಕ್ಕೆಯಲ್ಲಿ ಅಳೆದ ಫೀಲ್ಡ್ ಸಹಾಯಕರ ಹೆಸರು ಲೇಖಕರ ಸಾಲಿನಲ್ಲೇ ಇರಬೇಕು ಎಂದು ಹಠ ಹಿಡಿದೆ, ಇವತ್ತಿಗೂ ಬಿಟ್ಟಿಲ್ಲ.

ಆದರೂ ಪರಿಣಾಮ ಎಂದರೆ ನನಗೆ ನೆನಪಾಗುವುದು ಬೇರೆ. ಕೇರಳದಲ್ಲಿ 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ, 14 ಸೆಂ.ಮೀ.ಗಿಂತ ಚಿಕ್ಕ ಬಂಗುಡೆ ಹಿಡಿಯುವ ಹಾಗಿಲ್ಲ. ಅಂಥ ನಿಯಮಕ್ಕೆ ಆಧಾರ ಬಲಿಯುವ ಉದ್ದದ ಲೆಕ್ಕವೇ ಅಲ್ವಾ? ಬೂತಾಯಿ ಮೊದಲ ಸಲ ಬಲಿಯುವುದು ಸುಮಾರು 15 ಸೆಂ.ಮೀ.ಗೆ. ನಮ್ಮ ಗ್ರಾಫುಗಳನ್ನು ತುಳುವಿನಲ್ಲಿ ವಿವರಿಸಲು ಮಲ್ಪೆಗೆ ಹೋದಾಗ ಒಬ್ಬರು ಬೋಟ್ ಮಾಲೀಕರು ಎದ್ದು ನಿಂತು, "10ರದ್ದು ಹಿಡಿದರೆ ಅದು ಮೊಟ್ಟೆ ಇಡುವುದು ಯಾವಾಗ?" ಎಂದು ಕೇಳಿದರು. ಮುಂದಿನ ಪೇಪರ್ ಅದರ ಮೇಲೆಯೇ ಬರೆಯುತ್ತಿದ್ದೇನೆ.