ನೋವಿಲ್ಲದ ಮಚ್ಚೆ: ಕುಷ್ಠರೋಗವನ್ನು ಬೇಗ ಗುರುತಿಸುವ, ಮರಗಟ್ಟಿದ ಪಾದವನ್ನು ಕಾಪಾಡುವ ಕ್ರಮ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ ಮೈಮೇಲೆ ಬಿಳಿಚಿದ ಮಚ್ಚೆ ಕಂಡರೆ ಚಿಬ್ಬು ಇರಬೇಕೆಂದು ಯಾವುದೋ ಮುಲಾಮು ಹಚ್ಚಿ ಸುಮ್ಮನಾಗುವವರಿದ್ದಾರೆ. ತುರಿಕೆಯಿಲ್ಲ, ನೋವಿಲ್ಲ, ಹಾಗಾಗಿ ಅವಸರವೂ ಇಲ್ಲ ಎಂಬುದು ಅವರ ಲೆಕ್ಕ. ಕುಷ್ಠರೋಗದಲ್ಲಿ ಆತಂಕಪಡಬೇಕಾದದ್ದೇ ಈ ನೋವಿಲ್ಲದಿರುವಿಕೆಗೆ. ಸ್ಪರ್ಶಜ್ಞಾನ ಕಳೆದುಕೊಂಡ ಮಚ್ಚೆ ಈ ರೋಗದ ಬಹುಮುಖ್ಯ ಗುರುತು.

ಈ ರೋಗಕ್ಕೆ ಕಾರಣವಾದ ಮೈಕೋಬ್ಯಾಕ್ಟೀರಿಯಂ ಲೆಪ್ರೆ ಎಂಬ ಬ್ಯಾಕ್ಟೀರಿಯಾವನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದರು. ಅದು ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಹೀಗೆ ನಿಧಾನವಾಗಿ ಬೆಳೆಯುವುದರಿಂದ ಸೋಂಕು ತಗಲಿ ಲಕ್ಷಣ ಕಾಣಿಸಲು ಸರಾಸರಿ 5 ವರ್ಷ, ಕೆಲವರಲ್ಲಿ 20 ವರ್ಷವೂ ಆಗುತ್ತದೆ. ಆದ್ದರಿಂದ ಯಾರಿಂದ ಬಂತೆಂದು ಮನೆಯವರನ್ನೋ ನೆರೆಯವರನ್ನೋ ದೂರುವುದರಲ್ಲಿ ಅರ್ಥವಿಲ್ಲ. ಚಿಕಿತ್ಸೆ ಪಡೆಯದ ರೋಗಿಯೊಡನೆ ದೀರ್ಘಕಾಲ ನಿಕಟವಾಗಿದ್ದಾಗ ಮೂಗು, ಬಾಯಿಗಳ ತುಂತುರಿನಿಂದ ಇದು ಹರಡುತ್ತದೆಯೇ ಹೊರತು ಕೈಕುಲುಕುವುದರಿಂದಾಗಲೀ ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದಾಗಲೀ ಹರಡುವುದಿಲ್ಲ.

ಪರೀಕ್ಷಿಸುವಾಗ ಹಗಲು ಬೆಳಕಿನಲ್ಲಿ, ಬೆನ್ನು ಮತ್ತು ಪೃಷ್ಠವೂ ಸೇರಿದಂತೆ ಇಡೀ ಮೈಯನ್ನು ನೋಡಬೇಕು. ತೊನ್ನಿನ ಕಲೆ ಹಾಲಿನಂತೆ ಅಚ್ಚ ಬಿಳುಪಾಗಿರುತ್ತದೆ. ಕುಷ್ಠದ ಮಚ್ಚೆ ಸುತ್ತಲಿನ ಚರ್ಮಕ್ಕಿಂತ ತುಸು ಮಾಸಲಾಗಿ ಇಲ್ಲವೇ ಕೆಂಪಾಗಿ ಇರುತ್ತದೆ, ಅಲ್ಲಿ ಬೆವರೂ ಕೂದಲೂ ಕಡಿಮೆಯಾಗಿರಬಹುದು. ಬಾಲ್‌ಪೆನ್ನಿನ ತುದಿಯನ್ನೋ ಹೊಸೆದ ಹತ್ತಿಯ ಎಳೆಯನ್ನೋ ತೆಗೆದುಕೊಂಡು, ಮೊದಲು ಕಣ್ಣು ತೆರೆದಿರುವಾಗಲೇ ಆರೋಗ್ಯವಾಗಿರುವ ಚರ್ಮಕ್ಕೆ ಮುಟ್ಟಿಸಿ, ಮುಟ್ಟಿದ ಜಾಗವನ್ನು ಬೆರಳಿನಿಂದ ತೋರಿಸಲು ಹೇಳಬೇಕು. ಅನಂತರ ಕಣ್ಣು ಮುಚ್ಚಿಸಿ, ಒಮ್ಮೆ ಮಚ್ಚೆಯ ನಡುವೆ, ಒಮ್ಮೆ ಬೇರೆ ಕಡೆ, ಸವರದೆ ಹಗುರವಾಗಿ ಮುಟ್ಟಿಸಬೇಕು. ಉಳಿದೆಡೆ ಸರಿಯಾಗಿ ತೋರಿಸಿದವರು ಮಚ್ಚೆಯ ಮೇಲೆ ಮುಟ್ಟಿದಾಗ ಸುಮ್ಮನಿದ್ದರೆ ತಡಮಾಡಬಾರದು. ಸೂಜಿ ಚುಚ್ಚಿ ಅಥವಾ ಬಿಸಿ ತಾಗಿಸಿ ನೋಡುವುದು ಮಾತ್ರ ಖಂಡಿತ ಬೇಡ. ಸ್ಪರ್ಶ ತಿಳಿಯಿತೆಂದ ಮಾತ್ರಕ್ಕೆ ರೋಗವಿಲ್ಲವೆಂದು ನಿಶ್ಚಯಿಸಲೂ ಆಗದು. ಕಿವಿಯ ಹಾಲೆ ದಪ್ಪವಾಗಿದ್ದರೆ, ಮುಖದಲ್ಲಿ ಗಂಟುಗಳೆದ್ದಿದ್ದರೆ, ಅಂಗೈ ಅಂಗಾಲು ಜೋಮು ಹಿಡಿದಂತಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಹತ್ತಿರದ ಕುಟುಂಬಾರೋಗ್ಯ ಕೇಂದ್ರಕ್ಕೆ ಹೋದರೆ ಸಾಕು. ಕೇರಳದಲ್ಲಿ ಕುಷ್ಠರೋಗ ಪತ್ತೆಹಚ್ಚುವ ‘ಅಶ್ವಮೇಧಂ’ ಅಭಿಯಾನದ ಆಶಾ ಕಾರ್ಯಕರ್ತೆಯರು ಮನೆಗೇ ಬರುವಾಗ ಸಂಕೋಚಪಟ್ಟು ಮಚ್ಚೆಯನ್ನು ಮುಚ್ಚಿಡಬಾರದು. ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಬಹು ಔಷಧ ಚಿಕಿತ್ಸೆ ಉಚಿತ. ಐದು ಮಚ್ಚೆಗಳವರೆಗೆ ಸಾಮಾನ್ಯವಾಗಿ 6 ತಿಂಗಳು, ಅದಕ್ಕಿಂತ ಹೆಚ್ಚಿದ್ದರೆ ಅಥವಾ ಒಂದಕ್ಕಿಂತ ಹೆಚ್ಚು ನರಗಳಿಗೆ ಪೆಟ್ಟಾಗಿದ್ದರೆ 12 ತಿಂಗಳು. ಈ ಚಿಕಿತ್ಸೆಯ ಔಷಧಿಗಳಾದ ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಾಗುವುದು, ಕ್ಲೋಫಾಜಿಮಿನ್‌ನಿಂದ ಚರ್ಮ ಕಪ್ಪಾಗುವುದು ತಾತ್ಕಾಲಿಕವಾದ್ದರಿಂದ ಅದಕ್ಕೆ ಹೆದರಿ ಮಾತ್ರೆ ಬಿಡಬಾರದು. ಆದರೆ ಚಿಕಿತ್ಸೆಯ ನಡುವೆಯೋ ಅನಂತರವೋ ಮಚ್ಚೆಗಳು ಏಕಾಏಕಿ ಕೆಂಪೇರಿ ಊದಿಕೊಂಡರೆ, ಮೊಣಕೈ ಬಳಿಯ ನರ ನೋಯತೊಡಗಿದರೆ, ಕೈಕಾಲಿನ ಬಲ ಕುಗ್ಗಿದರೆ ಅಥವಾ ಕಣ್ಣು ಕೆಂಪಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಆಗ ಕೊಡುವ ಸ್ಟೀರಾಯ್ಡ್ ಔಷಧಿ ನರವನ್ನು ಉಳಿಸಬಲ್ಲದು. ತಿಂಗಳುಗಟ್ಟಲೆ ಕಾದರೆ ಹೋದ ಶಕ್ತಿ ಮರಳುವುದು ಕಷ್ಟ.

ಮಾತ್ರೆಗಳು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ, ಆದರೆ ಅದಾಗಲೇ ಸತ್ತ ಸ್ಪರ್ಶ ಮರಳದಿರಬಹುದು. ಅಂಥವರ ಬೆರಳುಗಳು ಕುಷ್ಠದಿಂದ ತಾವಾಗಿಯೇ ಉದುರುವುದಿಲ್ಲ. ಅರಿವಿಗೆ ಬಾರದೆ ಆದ ಸುಟ್ಟಗಾಯ, ಹುಣ್ಣುಗಳಿಂದ ಸವೆಯುತ್ತವೆ. ಹಾಗಾಗಿ ಕುಚ್ಚಲಕ್ಕಿ ಗಂಜಿಯ ಪಾತ್ರೆಯನ್ನು ಒಲೆಯಿಂದ ಇಳಿಸುವಾಗ ದಪ್ಪ ಬಟ್ಟೆ ಹಿಡಿಯಬೇಕು. ಬಚ್ಚಲ ಹಂಡೆಯ ನೀರಿನ ಬಿಸಿಯನ್ನು ಸ್ಪರ್ಶವಿರುವ ಬೇರೊಬ್ಬರು ನೋಡಿ ಹೇಳಬೇಕು. ತೋಟಕ್ಕೆ ಬರಿಗಾಲಲ್ಲಿ ಇಳಿಯಬಾರದು.

ಪ್ರತಿ ಸಂಜೆ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಬೇಕು. ಬಗ್ಗಲಾಗದವರು ಕನ್ನಡಿ ಹಿಡಿಯಲಿ. ಗಾಯವಿಲ್ಲದಿದ್ದರೆ ಪಾದಗಳನ್ನು ತಣ್ಣೀರಿನಲ್ಲಿ ಸುಮಾರು ಇಪ್ಪತ್ತು ನಿಮಿಷ ನೆನೆಸಿ, ಜಡ್ಡುಗಟ್ಟಿದ ಚರ್ಮವನ್ನು ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒದ್ದೆ ಆರುವ ಮೊದಲೇ ತೆಂಗಿನೆಣ್ಣೆ ಸವರಬೇಕು. ಜಡ್ಡನ್ನು ಬ್ಲೇಡಿನಿಂದ ಕತ್ತರಿಸಬಾರದು. ಚಪ್ಪಲಿಯ ಒಳಮೈ ಮೆದುವಾಗಿ, ತಳ ಗಟ್ಟಿಯಾಗಿ, ಹಿಮ್ಮಡಿಗೆ ಪಟ್ಟಿಯಿರಬೇಕು. ಮೊಳೆ ಹೊಡೆದದ್ದು ಬೇಡ. ಪಾದದಲ್ಲಿ ಹುಣ್ಣಾಗಿದ್ದರೆ ಸಾಬೂನು ನೀರಿನಲ್ಲಿ ತೊಳೆದು ಶುಭ್ರ ಬಟ್ಟೆ ಕಟ್ಟಿ, ಅದು ಮಾಯುವವರೆಗೆ ಆ ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಬೇಕು. ಕೀವು, ವಾಸನೆ ಅಥವಾ ಜ್ವರ ಕಂಡರೆ ಮನೆಮದ್ದಿಗೆ ನಿಲ್ಲದೆ ಆಸ್ಪತ್ರೆಗೆ ಹೋಗಬೇಕು.